ಮೊಡವೆ ಕುಳಿಗೆ ಮೊದಲು ಬೇಕಾದ್ದು ಲೇಸರ್ ಅಲ್ಲ

ಮುಂಡಗೋಡ ತಾಲ್ಲೂಕಿನ ಚಿಗಳ್ಳಿಯ ಹುಡುಗಿಯೊಬ್ಬಳು ಮುಖದ ಮೊಡವೆ ಕುಳಿಗಳನ್ನು ಚರ್ಮದ ಡಾಕ್ಟರಿಗೆ ತೋರಿಸಬೇಕೆಂದರೆ ಅವಳು ಹಿಡಿಯುವ ದಾರಿ ಸಾಮಾನ್ಯವಾಗಿ ಹುಬ್ಬಳ್ಳಿಯದು. ಜಿಲ್ಲಾ ಕೇಂದ್ರ ಕಾರವಾರಕ್ಕೆ ಘಟ್ಟ ಇಳಿದು ನೂರು ಕಿಲೋಮೀಟರಿಗೂ ಹೆಚ್ಚು ಹೋಗಬೇಕು. ಹುಬ್ಬಳ್ಳಿಗಾದರೆ ಅದರ ಅರ್ಧ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ವಾಯವ್ಯ ಸಾರಿಗೆಯ ಸಾಮಾನ್ಯ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಆ ದಾರಿಯ ಖರ್ಚೂ ಇಲ್ಲ. ಖರ್ಚು ಶುರುವಾಗುವುದು ಬಸ್ಸಿಳಿದ ಮೇಲೆ. ಪಟ್ಟಣದ ಸ್ಕಿನ್ ಕ್ಲಿನಿಕ್ಕುಗಳ ಬೋರ್ಡಿನಲ್ಲಿ ಎದ್ದು ಕಾಣುವ ಮಾತು ಲೇಸರ್. ಒಂದು ಸಿಟ್ಟಿಂಗಿಗೆ ಸಾವಿರಾರು ರೂಪಾಯಿ. ಒಂದು ಸಿಟ್ಟಿಂಗಿಗೆ ಮುಗಿಯುವ ಕೆಲಸವೂ ಅದಲ್ಲ.

ಆ ಬೋರ್ಡುಗಳಲ್ಲಿ ಬಾರದ ಸಂಗತಿಯೊಂದಿದೆ. ಆಳವಾದ ಮೊಡವೆ ಕುಳಿಗಳಿಗೆ ವೈದ್ಯರು ಮಾಡುವ ಒಳ್ಳೆಯ ಚಿಕಿತ್ಸೆಗಳಲ್ಲಿ ಎರಡಕ್ಕೆ ಬೇಕಾದ್ದು ಒಂದು ಸೂಜಿ, ಒಂದು ಸಣ್ಣ ಬಾಟಲಿ ಆಮ್ಲ ಮತ್ತು ಪಳಗಿದ ಕೈ, ಅಷ್ಟೆ. ಲಕ್ಷಗಟ್ಟಲೆ ಬೆಲೆಯ ಯಂತ್ರ ಬೇಡ, ಆಪರೇಷನ್ ಥಿಯೇಟರ್ ಬೇಡ, ಆಸ್ಪತ್ರೆಯಲ್ಲಿ ಮಲಗುವುದೂ ಬೇಡ. ಇಂಥ ಚಿಕಿತ್ಸೆ ಸರ್ಕಾರಿ ಆಸ್ಪತ್ರೆಯಲ್ಲಿ, ಹೊಲದ ಕೆಲಸದಿಂದ ಬದುಕುವ ಮನೆಗೂ ಎಟಕುವ ಹಾಗೆ ಸಿಗಬೇಕು. ಸಿಗದೆ ಇರುವುದಕ್ಕೆ ಹಣದ ಕೊರತೆ ಅಷ್ಟೇನೂ ಕಾರಣವಲ್ಲ. ಇದೆಲ್ಲ ಬರೀ ಶೋಕಿ ಎಂಬ ನಂಬಿಕೆ ಮನೆಯಲ್ಲೂ ಇದೆ, ಸರ್ಕಾರದಲ್ಲೂ ಇದೆ.

ಮನೆಯಲ್ಲಿ ಅದು ಹೀಗೆ ಬರುತ್ತದೆ: ‘ವಯಸ್ಸಿಗೆ ಬಂದ ಮೊಡವಿ, ಮದುವ್ಯಾದ ಮ್ಯಾಲೆ ತಾನ ಹೋಗ್ತಾವ ಬಿಡವಾ.’ ಮೊಡವೆಗಳೇನೋ ಹೆಚ್ಚಿನವರಿಗೆ ಹೋಗುತ್ತವೆ. ಕುಳಿ ಹೋಗುವುದಿಲ್ಲ. ಸರ್ಕಾರದ ಕಾಗದದಲ್ಲಿ ಅದೇ ನಂಬಿಕೆ ಬೇರೆ ರೂಪದಲ್ಲಿದೆ. ಸೌಂದರ್ಯಕ್ಕಾಗಿ ಮಾಡಿಸಿಕೊಳ್ಳುವ ಚಿಕಿತ್ಸೆಗಳು ಆಯುಷ್ಮಾನ್ ಯೋಜನೆಯ ವ್ಯಾಪ್ತಿಗೆ ಬರುವುದಿಲ್ಲ, ಮೊಡವೆಯ ಕುಳಿಯನ್ನೂ ಅದೇ ಪಟ್ಟಿಗೆ ಸೇರಿಸಲಾಗುತ್ತದೆ. ಆದರೆ ಉರಿಯೂತದಿಂದ ಚರ್ಮದ ಒಳಪದರ ಹಾಳಾಗಿ ಉಳಿದ ಗಾಯದ ಗುರುತು ಅದು. ಹೆಣ್ಣು ನೋಡಲು ಬಂದವರ ಎದುರು ಟ್ರೇ ಹಿಡಿದು ನಿಲ್ಲುವವಳಿಗೂ, ಕೆಲಸದ ಸಂದರ್ಶನಕ್ಕೆ ಹೋಗಿ ಮುಖ ತಗ್ಗಿಸಿ ಉತ್ತರ ಕೊಡುವ ಹುಡುಗನಿಗೂ ಅದರ ನೋವು ದೊಡ್ಡದೇ. ಗಂಡುಮಕ್ಕಳ ವಿಷಯವನ್ನಂತೂ ಯಾರೂ ಎತ್ತುವುದೇ ಇಲ್ಲ. ತೀವ್ರ ಮೊಡವೆ ಹುಡುಗರಲ್ಲೇ ಹೆಚ್ಚು, ಎದೆ ಬೆನ್ನಿನ ತುಂಬ ಕಲೆ ಉಳಿಯುವುದೂ ಅವರಲ್ಲೇ ಹೆಚ್ಚು.

ದುಡ್ಡು ಕೊಡುವ ಮುನ್ನ ಮನೆಯಲ್ಲೇ ತಿಳಿದುಕೊಳ್ಳಬಹುದಾದ ಒಂದು ವಿಷಯವಿದೆ. ಮುಖದಲ್ಲಿ ಇರುವುದು ಕಪ್ಪು ಕಲೆಯೋ, ಕುಳಿಯೋ? ಕಿಟಕಿಯ ಪಕ್ಕ ನಿಂತು, ಬೆಳಕು ಕೆನ್ನೆಯ ಮೇಲೆ ಅಡ್ಡಲಾಗಿ ಬೀಳುವ ಹಾಗೆ ಕನ್ನಡಿ ಹಿಡಿದು ನೋಡಬೇಕು. ಬೆಳಕು ಯಾವ ಕಡೆಯಿಂದ ಬಿದ್ದರೂ ಒಂದೇ ಥರ ಕಾಣುವ ಕಂದು ಅಥವಾ ಕಪ್ಪು ಮಚ್ಚೆ ಬರೀ ಬಣ್ಣ. ಮೊಡವೆ ನಿಂತು, ಬಿಸಿಲಿನಿಂದ ಮುಖ ಕಾಪಾಡಿಕೊಂಡರೆ ಅದು ಕೆಲವು ತಿಂಗಳಲ್ಲಿ ತಾನಾಗಿ ತಿಳಿಯಾಗುತ್ತದೆ. ಬೇಗ ಆಗಬೇಕೆಂದರೆ ಅಜೆಲಾಯಿಕ್ ಆಸಿಡ್‌ನಂಥ ಮುಲಾಮು ಇದೆ. ಅಡ್ಡ ಬೆಳಕಿನಲ್ಲಿ ನೆರಳು ಬಿದ್ದರೆ ಅದು ಕುಳಿ, ತಾನಾಗಿ ತುಂಬಿಕೊಳ್ಳುವುದಲ್ಲ. ಈ ಎರಡರ ವ್ಯತ್ಯಾಸ ಯಾರೂ ಹೇಳಿಕೊಡದೆ, ಸುಮ್ಮನಿದ್ದರೂ ಹೋಗುತ್ತಿದ್ದ ಕಲೆಗೆ ಸಾಲ ಮಾಡಿ ಚಿಕಿತ್ಸೆ ಪಡೆಯುವವರಿದ್ದಾರೆ. ಅವರಿಗೆ ಇಷ್ಟು ಹೇಳುವುದಕ್ಕೆ ಯಂತ್ರವೂ ಬೇಡ, ತಜ್ಞರೂ ಬೇಡ. ಆಶಾ ಕಾರ್ಯಕರ್ತೆಯರೇ ಹೇಳಬಹುದು.

ಕುಳಿಗಳಲ್ಲೂ ಬಗೆಗಳಿವೆ. 2001ರಲ್ಲಿ ಅಮೆರಿಕದ ಜೇಕಬ್, ಡೋವರ್, ಕಾಮಿನರ್ ಎಂಬ ವೈದ್ಯರು ಅವನ್ನು ಮೂರು ಗುಂಪು ಮಾಡಿದರು. ಬಾಯಿ ಕಿರಿದಾಗಿ, ತಳ ಆಳಕ್ಕೆ ಇಳಿದದ್ದು ಐಸ್‌ಪಿಕ್. ಅಂಚು ಕಡಿದಾಗಿ, ತಳ ಅಗಲವಾಗಿರುವುದು ಬಾಕ್ಸ್‌ಕಾರ್. ಅಂಚೇ ಕಾಣದೆ ಕೆನ್ನೆಯೆಲ್ಲ ಏರಿಳಿದಂತೆ ತೋರುವುದು ರೋಲಿಂಗ್. ಎರಡು ಬೆರಳಿನಿಂದ ಚರ್ಮ ಎಳೆದು ಹಿಡಿದಾಗ ರೋಲಿಂಗ್ ಮಾಯವಾಗುತ್ತದೆ, ಐಸ್‌ಪಿಕ್ ಹಾಗೇ ನಿಲ್ಲುತ್ತದೆ. ಒಬ್ಬರದೇ ಮುಖದಲ್ಲಿ ಮೂರೂ ಇರುವುದು ಮಾಮೂಲು. ಆದ್ದರಿಂದ ಒಂದೇ ಯಂತ್ರದಿಂದ ಇಡೀ ಮುಖ ಸರಿಮಾಡುತ್ತೇವೆ ಎನ್ನುವ ಮಾತನ್ನು ಎಷ್ಟೇ ದೊಡ್ಡ ಕ್ಲಿನಿಕ್ಕು ಹೇಳಿದರೂ ನಂಬುವುದು ಕಷ್ಟ.

ಐಸ್‌ಪಿಕ್ ಕುಳಿಗೆ ಮಾಡುವ ಚಿಕಿತ್ಸೆಯನ್ನು ಹತ್ತಿರದಿಂದ ನೋಡಬೇಕು. ಡಾಕ್ಟರು ಮರದ ಕಡ್ಡಿಯೊಂದರ ತುದಿಯನ್ನು ಚೂಪು ಮಾಡಿಕೊಂಡು ಗಾಢ ಟ್ರೈಕ್ಲೋರೊಅಸಿಟಿಕ್ ಆಮ್ಲದಲ್ಲಿ ಅದ್ದುತ್ತಾರೆ. ಸುತ್ತಲ ಚರ್ಮಕ್ಕೆ ತಾಗದ ಹಾಗೆ ಕುಳಿಯ ತಳಕ್ಕೇ ಒತ್ತಿ ಹಿಡಿಯುತ್ತಾರೆ. ಕೆಲವೇ ಸೆಕೆಂಡಿನಲ್ಲಿ ಆ ಚುಕ್ಕೆ ಬೆಳ್ಳಗಾಗುತ್ತದೆ, ಚುರ್ ಎನ್ನುತ್ತದೆ. ಮುಂದಿನ ದಿನಗಳಲ್ಲಿ ಸಣ್ಣ ಹಕ್ಕಳೆ ಕಟ್ಟಿ ಉದುರುತ್ತದೆ. ಒಳಗೆ ಹೊಸ ಕೊಲ್ಯಾಜನ್ ಹುಟ್ಟಿ ತಳ ನಿಧಾನವಾಗಿ ಮೇಲೇರುತ್ತದೆ. ವಾರಗಳ ಅಂತರ ಕೊಟ್ಟು ಇದನ್ನು ನಾಲ್ಕೈದು ಸಲ ಮಾಡಬೇಕು. ಈ ವಿಧಾನವನ್ನು 2002ರಲ್ಲಿ ಪ್ರಕಟಿಸಿದವರು ದಕ್ಷಿಣ ಕೊರಿಯಾದ ವೈದ್ಯರು. ಅವರು ಚಿಕಿತ್ಸೆ ಕೊಟ್ಟ 65 ಮಂದಿಯಲ್ಲಿ ಪೂರ್ಣ ಗಾಢತೆಯ ಆಮ್ಲ ಬಳಸಿದ ಗುಂಪಿನ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿಗೆ ಚೆನ್ನಾಗಿ ಗುಣ ಕಂಡಿತು. ಅವರೆಲ್ಲ ಗೋಧಿ, ಕಂದು ಬಣ್ಣದ ಚರ್ಮದವರು ಎಂಬುದು ನಮಗೆ ಮುಖ್ಯ. ಇದೇ ಆಮ್ಲವನ್ನು ಆನ್‌ಲೈನಿನಲ್ಲಿ ತರಿಸಿ ಮನೆಯಲ್ಲಿ ಹಚ್ಚಿಕೊಂಡರೆ ಮುಖ ಸುಡುತ್ತದೆ, ಕುಳಿ ಇನ್ನಷ್ಟು ಅಗಲವಾಗುತ್ತದೆ. ಆಮ್ಲದ ಬೆಲೆ ಕಡಿಮೆಯೆಂದ ಮಾತ್ರಕ್ಕೆ ಕೆಲಸ ಸುಲಭದ್ದಲ್ಲ.

ರೋಲಿಂಗ್ ಕುಳಿಯ ಕತೆ ಬೇರೆ. ಅಲ್ಲಿ ಚರ್ಮವನ್ನು ಒಳಗಿನಿಂದ ನಾರಿನ ಎಳೆಗಳು ಕೆಳಕ್ಕೆ ಜಗ್ಗಿ ಹಿಡಿದಿರುತ್ತವೆ. ಮೇಲಿನಿಂದ ಏನು ಹಚ್ಚಿದರೂ, ಎಷ್ಟು ಬೆಳಕು ಹಾಯಿಸಿದರೂ ಆ ಎಳೆಗಳು ಬಿಡುವುದಿಲ್ಲ. ಅದಕ್ಕೆ ಇರುವುದು ಸಬ್‌ಸಿಷನ್. 1995ರಲ್ಲಿ ಓರೆಂಟ್ರೈಕ್ ಎಂಬ ಇಬ್ಬರು ವೈದ್ಯರು ಇದನ್ನು ವಿವರಿಸಿದರು. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಸೂಜಿಯನ್ನು ಕುಳಿಯ ಪಕ್ಕದಿಂದ ಚರ್ಮದಡಿಗೆ ತೂರಿಸಿ, ಬೀಸಣಿಗೆಯ ಗರಿಯಂತೆ ಹಿಂದೆ ಮುಂದೆ ಆಡಿಸುತ್ತಾರೆ. ಎಳೆ ಕತ್ತರಿಸುವಾಗ ಕರಕರ ಸದ್ದು ಡಾಕ್ಟರಿಗೂ ಮಲಗಿದವರಿಗೂ ಕೇಳುತ್ತದೆ. ನೋವಿರುವುದಿಲ್ಲ, ಆದರೆ ಆ ಸದ್ದಿಗೆ ಹೆದರುವವರಿದ್ದಾರೆ. ಮುಂಚೆಯೇ ಹೇಳಿದ್ದರೆ ಹೆದರುವುದಿಲ್ಲ. ಒಂದೆರಡು ವಾರ ಕೆನ್ನೆ ನೀಲಿಗಟ್ಟಿ ಊದಿರುತ್ತದೆ. ಮದುವೆ, ಜಾತ್ರೆ, ಪರೀಕ್ಷೆಯ ಹಿಂದೆ ಮುಂದೆ ಇದನ್ನು ಮಾಡಿಸಿಕೊಳ್ಳುವ ಹಾಗಿಲ್ಲ. ಮುಖದ ನರ ಎಲ್ಲೆಲ್ಲಿ ಹಾದುಹೋಗುತ್ತದೆ ಎಂದು ತಿಳಿದ ಕೈಯೇ ಇದಕ್ಕೆ ಬೇಕು.

ಮೈಕ್ರೋನೀಡ್ಲಿಂಗ್ ಇವೆರಡರ ನಂತರದ್ದು. ಒಂದೂವರೆಯಿಂದ ಎರಡು ಮಿಲಿಮೀಟರ್ ಉದ್ದದ ಸೂಜಿಗಳಿಂದ ಮುಖದ ಮೇಲೆ ಸೂಕ್ಷ್ಮ ಗಾಯ ಮಾಡಿ, ಚರ್ಮ ತನ್ನನ್ನು ತಾನೇ ದುರಸ್ತಿ ಮಾಡಿಕೊಳ್ಳುವಂತೆ ಪ್ರಚೋದಿಸುವುದು ಇದರ ತತ್ವ. ಸೂಜಿಯ ತುದಿಯಿಂದ ರೇಡಿಯೋ ತರಂಗದ ಬಿಸಿಯನ್ನೂ ಒಳಗೆ ಬಿಡುವ ಯಂತ್ರಗಳು ಈಚಿನವು. ಬೆಂಗಳೂರಿನ ಚರ್ಮವೈದ್ಯ ಡಾ. ಬಿ.ಎಸ್. ಚಂದ್ರಶೇಖರ್ ಮತ್ತು ಸಂಗಡಿಗರು ಅಂಥ ಯಂತ್ರದಿಂದ 31 ಮಂದಿಗೆ ಚಿಕಿತ್ಸೆ ಕೊಟ್ಟು 2014ರಲ್ಲಿ ಫಲಿತಾಂಶ ಪ್ರಕಟಿಸಿದರು. ಕುಳಿಯ ತೀವ್ರತೆಯನ್ನು ನಾಲ್ಕು ದರ್ಜೆಗಳಲ್ಲಿ ಅಳೆಯುವ ಪದ್ಧತಿಯಲ್ಲಿ ಸುಮಾರು 80% ಮಂದಿ ಎರಡು ದರ್ಜೆ ಸುಧಾರಿಸಿದರು, ಉಳಿದವರು ಒಂದು ದರ್ಜೆ. ಕೆಲವರಿಗೆ ಕಪ್ಪು ಕಲೆಯೂ ಆಯಿತು. ಈ ಅಂಕಿಯನ್ನು ಪ್ರಾಮಾಣಿಕವಾಗಿ ಓದಿದರೆ ಚಿಕಿತ್ಸೆಯಿಂದ ಗುಣವಿದೆ, ಒಳ್ಳೆಯ ಗುಣವೇ ಇದೆ. ಆದರೆ ಮೊಡವೆ ಬರುವ ಮೊದಲಿನ ಮುಖ ಯಾರಿಗೂ ವಾಪಸ್ ಸಿಗುವುದಿಲ್ಲ. ಇದನ್ನು ಮೊದಲ ಭೇಟಿಯಲ್ಲೇ ಹೇಳುವ ಡಾಕ್ಟರು ನಂಬಿಕೆಗೆ ಅರ್ಹರು.

ಲೇಸರ್ ಬೇಡವೇ ಬೇಡ ಎನ್ನುವುದು ತಪ್ಪಾಗುತ್ತದೆ. 2004ರಲ್ಲಿ ಫ್ರ್ಯಾಕ್ಷನಲ್ ತಂತ್ರ ಬಂದ ಮೇಲೆ ಲೇಸರಿನ ಅಪಾಯ ನಿಜಕ್ಕೂ ಕಡಿಮೆಯಾಯಿತು. ಇಡೀ ಚರ್ಮದ ಪದರ ಸುಡುವ ಬದಲು ಸೂಕ್ಷ್ಮ ಚುಕ್ಕೆಗಳನ್ನಷ್ಟೇ ಸುಟ್ಟು, ನಡುವಿನ ಚರ್ಮ ಹಾಗೇ ಉಳಿಸಿದರೆ ಗಾಯ ಬೇಗ ಮಾಯುತ್ತದೆ. ಬಾಕ್ಸ್‌ಕಾರ್ ಕುಳಿಗಳ ಅಂಚು ತಗ್ಗಿಸಲು, ಒಟ್ಟು ಚರ್ಮ ನುಣುಪು ಮಾಡಲು ಅದು ಒಳ್ಳೆಯ ಸಾಧನ. ಅದು ಕೊನೆಯಲ್ಲಿ ಬರಬೇಕಾದದ್ದು ಎಂಬುದಷ್ಟೇ ಇಲ್ಲಿನ ತಕರಾರು. ಒಳಗಿನ ಎಳೆ ಕತ್ತರಿಸದೆ ಮೇಲೆ ಲೇಸರ್ ಹಾಯಿಸಿದರೆ ದುಡ್ಡು ಹೋಗುತ್ತದೆ, ಕುಳಿ ಉಳಿಯುತ್ತದೆ.

ಹಳಿಯಾಳ, ಜೋಯಿಡಾ, ದಾಂಡೇಲಿ, ಮುಂಡಗೋಡದ ಜನರ ಮಟ್ಟಿಗೆ ಇದರಲ್ಲಿ ಇನ್ನೊಂದು ಎಚ್ಚರ ಬೇಕು. ಈ ಭಾಗದಲ್ಲಿ ತಲೆಮಾರುಗಳಿಂದ ಸಿದ್ದಿ ಸಮುದಾಯ ಬದುಕಿದೆ. ಆಫ್ರಿಕಾ ಮೂಲದ ಇವರು ಉತ್ತರ ಕನ್ನಡದಲ್ಲಿ 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಮುಂಡಗೋಡದಲ್ಲಿ 1960ರ ದಶಕದಿಂದ ಟಿಬೆಟನ್ನರ ಶಿಬಿರಗಳಿವೆ. ಮರಾಠಿ, ಕೊಂಕಣಿ, ಕನ್ನಡ ಮಾತಾಡುವ ರೈತರ ಮೈಬಣ್ಣಗಳೂ ಹಲವು. ಒಂದೇ ಸಂತೆಯಲ್ಲಿ ಇಷ್ಟೊಂದು ಬಗೆಯ ಚರ್ಮ ಕಾಣುವ ಊರು ಕರ್ನಾಟಕದಲ್ಲಿ ಕಡಿಮೆ. ಚರ್ಮ ಕಪ್ಪಾದಷ್ಟೂ ಯಾವುದೇ ಗಾಯದ ನಂತರ ಕಪ್ಪು ಕಲೆ ಉಳಿಯುವ ಸಂಭವ ಹೆಚ್ಚು. ಲೇಸರಿನ ಶಾಖವೂ ಗಾಯವೇ. ಆಫ್ರಿಕಾ ಮೂಲದವರಲ್ಲಿ ಕೀಲಾಯ್ಡ್ ಕೂಡ ಹೆಚ್ಚು. ಅಂದರೆ ಮಾಯ್ದ ಗಾಯ ಅಲ್ಲಿಗೇ ನಿಲ್ಲದೆ ಉಬ್ಬಿ, ಮೂಲ ಗಾಯದ ಗಡಿ ದಾಟಿ ಬೆಳೆಯುವುದು. ದವಡೆಯ ಅಂಚು, ಎದೆ, ಭುಜದ ಮೊಡವೆಗಳಲ್ಲಿ ಇದು ಕಾಣುತ್ತದೆ. ಅದಕ್ಕೆ ಕುಳಿ ತುಂಬುವ ಚಿಕಿತ್ಸೆ ಮಾಡಿದರೆ ಉಬ್ಬು ಇನ್ನೂ ದೊಡ್ಡದಾಗಬಹುದು. ಅಲ್ಲಿ ಬೇಕಾದದ್ದು ಟ್ರಯಾಮ್ಸಿನೊಲೋನ್ ಇಂಜೆಕ್ಷನ್, ಅದೂ ಉಬ್ಬಿನ ಒಳಕ್ಕೇ. ಮನೆಯಲ್ಲಿ ಯಾರಿಗಾದರೂ ಕಿವಿ ಚುಚ್ಚಿಸಿದ ಜಾಗ ಉಬ್ಬಿ ಗಂಟಾಗಿದೆಯೇ ಎಂದು ಡಾಕ್ಟರು ಕೇಳದಿದ್ದರೆ ಚಿಕಿತ್ಸೆಗೆ ಬಂದವರೇ ಹೇಳಬೇಕು. ಕಿವಿಯ ಹಿಂದೆಯೋ ದವಡೆಯ ಮೂಲೆಯಲ್ಲೋ ಒಂದು ಸಣ್ಣ ಜಾಗದಲ್ಲಿ ಮೊದಲು ಪರೀಕ್ಷೆ ಮಾಡಿ, ಕೆಲವು ವಾರ ಕಾದು ನೋಡಿ ಎಂದು ಕೇಳುವ ಹಕ್ಕೂ ಅವರಿಗಿದೆ.

ಬಿಸಿಲು ಇನ್ನೊಂದು ಸಮಸ್ಯೆ. ಆಮ್ಲ, ಸೂಜಿ, ಲೇಸರ್ ಯಾವುದಾದರೂ ಸರಿ, ಮುಂದಿನ ಕೆಲವು ವಾರ ಬಿಸಿಲಿಗೆ ಹೋಗಬೇಡಿ ಎಂದು ಚೀಟಿಯಲ್ಲಿ ಬರೆಯುತ್ತಾರೆ. ಗೋವಿನಜೋಳ ಮುರಿಯುವ, ಭತ್ತ ಕೊಯ್ಯುವ ಕಾಲದಲ್ಲಿ ಆ ಸಾಲಿಗೆ ಬೆಲೆಯಿಲ್ಲ. ಕೆಲಸದ ಸುಗ್ಗಿ ಮುಗಿದ ಮೇಲೆ ದಿನ ಗೊತ್ತು ಮಾಡುವುದು, ತಲೆಗೆ ಅಗಲ ಅಂಚಿನ ಟೊಪ್ಪಿಗೆ ಅಥವಾ ಮುಖ ಮುಚ್ಚುವ ಬಟ್ಟೆ ಹೇಳುವುದು, ಬೆವರಿಗೆ ಸನ್‌ಸ್ಕ್ರೀನ್ ಇಳಿದುಹೋಗುವುದರಿಂದ ಮತ್ತೆ ಹಚ್ಚಬೇಕೆಂದು ತಿಳಿಸುವುದು, ಇವೆಲ್ಲ ಚಿಕಿತ್ಸೆಯ ಭಾಗವೇ. ನಗರದ ಎಸಿ ಕೋಣೆಯಲ್ಲಿ ಕೂತು ಕೆಲಸ ಮಾಡುವವರಿಗೆ ಬರೆದ ಸಲಹೆ ಇಲ್ಲಿಗೆ ಒಗ್ಗುವುದಿಲ್ಲ.

ಇನ್ನು ಕುಳಿ ಬೀಳುವುದಕ್ಕೆ ಮೊದಲಿನ ಮಾತು. ಉರಿಯುವ ಮೊಡವೆಗೆ ಚಿಕಿತ್ಸೆ ತಡವಾದಷ್ಟೂ ಕುಳಿ ಹೆಚ್ಚು ಎಂಬುದು ಚರ್ಮವೈದ್ಯರಿಗೆ ದಶಕಗಳಿಂದ ಗೊತ್ತಿದೆ. ಅಡಾಪಲೀನ್, ಬೆಂಜಾಯ್ಲ್ ಪೆರಾಕ್ಸೈಡ್ ಇರುವ ಜೆಲ್‌ಗೆ ಕೆಲವು ನೂರು ರೂಪಾಯಿ. ತಿಂಗಳುಗಟ್ಟಲೆ ತಪ್ಪದೆ ಹಚ್ಚಬೇಕು, ಮೊದಲ ವಾರಗಳಲ್ಲಿ ಮುಖ ಒಣಗಿ ಸಿಪ್ಪೆ ಏಳುತ್ತದೆ, ಹೆದರಿ ನಿಲ್ಲಿಸಬಾರದು. ಗಂಟು ಗಂಟಾಗಿ ಏಳುವ ಮೊಡವೆಗೆ 1982ರಿಂದ ಬಳಕೆಯಲ್ಲಿರುವ ಐಸೊಟ್ರೆಟಿನಾಯಿನ್ ಮಾತ್ರೆ ಇದೆ. ಗರ್ಭದಲ್ಲಿರುವ ಮಗುವಿಗೆ ಅದು ಘೋರ ಹಾನಿ ಮಾಡುತ್ತದೆ, ಆದ್ದರಿಂದ ಡಾಕ್ಟರ ಕಣ್ಣಿನಡಿಯೇ ತೆಗೆದುಕೊಳ್ಳಬೇಕು. ಈ ಮಾತ್ರೆ ನಿಲ್ಲಿಸಿ ಆರು ತಿಂಗಳು ಕಳೆಯದೆ ಕುಳಿಗೆ ಕೈ ಹಾಕುವಂತಿಲ್ಲ ಎಂಬ ಹಳೆಯ ನಿಯಮವೊಂದಿತ್ತು. ಬೆಂಗಳೂರಿನ ಡಾ. ವೆಂಕಟರಾಮ್ ಮೈಸೂರು ಮತ್ತಿತರ ವೈದ್ಯರು 2017ರಲ್ಲಿ ಚರ್ಮ ಶಸ್ತ್ರವೈದ್ಯರ ಸಂಘದ ಪರವಾಗಿ ಸಾಕ್ಷ್ಯಗಳನ್ನೆಲ್ಲ ಪರಿಶೀಲಿಸಿ, ಹಲವು ಚಿಕಿತ್ಸೆಗಳಿಗೆ ಅಷ್ಟು ಕಾಯಬೇಕಿಲ್ಲ ಎಂದು ಮಾರ್ಗಸೂಚಿ ಬರೆದರು. ಬೇಗ ಶುರುಮಾಡಿದರೆ ಕುಳಿ ಬೇಗ ಮಣಿಯುತ್ತದೆ ಎಂದು ನಂಬುವ ವೈದ್ಯರಿಗೆ ಇದರಿಂದ ದಾರಿ ಸಲೀಸಾಯಿತು.

ಆದರೆ ಹಳ್ಳಿಯ ಹುಡುಗ ಹುಡುಗಿಯರ ಕೈಗೆ ಮೊದಲು ಸಿಗುವುದು ಈ ಜೆಲ್ ಅಲ್ಲ. ಮೆಡಿಕಲ್ ಶಾಪಿನಲ್ಲಿ ‘ಮುಖಕ್ಕೆ ಏನಾದ್ರೂ ಕೊಡ್ರಿ’ ಎಂದರೆ ಬರುವುದು ಹೆಚ್ಚಾಗಿ ಸ್ಟೀರಾಯ್ಡ್ ಬೆರೆತ ಕ್ರೀಮು. ವಾರದಲ್ಲಿ ಮುಖ ಬೆಳ್ಳಗೆ, ನುಣ್ಣಗೆ ಕಾಣುತ್ತದೆ. ತಿಂಗಳು ಕಳೆದರೆ ಚರ್ಮ ತೆಳುವಾಗಿ, ಕೆಂಪಾಗಿ, ಮೊಡವೆ ಮೊದಲಿಗಿಂತ ಹೆಚ್ಚಾಗಿ ಏಳುತ್ತದೆ. ಕ್ರೀಮು ಬಿಟ್ಟರೆ ಉರಿ ತಡೆಯಲಾಗದೆ ಮತ್ತೆ ಅದನ್ನೇ ಹಚ್ಚುತ್ತಾರೆ. ದೇಶದ ಹಲವು ಕೇಂದ್ರಗಳ ಚರ್ಮವೈದ್ಯರು ಸೇರಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮುಖದ ಚರ್ಮದ ತೊಂದರೆಯಿಂದ ಬಂದ 2926 ಮಂದಿಯಲ್ಲಿ 433 ಮಂದಿ ಇಂಥ ಸ್ಟೀರಾಯ್ಡ್ ಹಚ್ಚುತ್ತಿದ್ದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರಿಗೆ ಅದನ್ನು ಹೇಳಿದ್ದು ಡಾಕ್ಟರಲ್ಲ. 2018ರಲ್ಲಿ ಕೇಂದ್ರ ಸರ್ಕಾರ ಹಲವು ಸ್ಟೀರಾಯ್ಡ್ ಕ್ರೀಮುಗಳನ್ನು ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ನಿಯಮ ಕಾಗದದಲ್ಲಿದೆ, ಕ್ರೀಮು ಕೌಂಟರಿನಲ್ಲಿದೆ. ಔಷಧ ನಿಯಂತ್ರಣ ಇಲಾಖೆ ಈ ಒಂದು ಕೆಲಸವನ್ನು ಬಿಗಿಯಾಗಿ ಮಾಡಿದರೂ ಎಷ್ಟೋ ಮುಖಗಳು ಉಳಿದಾವು.

ಬ್ಯೂಟಿ ಪಾರ್ಲರುಗಳಿಗೂ ಈಗ ಸೂಜಿ ರೋಲರ್ ಬಂದಿದೆ. ಒಬ್ಬರ ರಕ್ತ ತಾಗಿದ ಸೂಜಿ ಇನ್ನೊಬ್ಬರ ಮುಖಕ್ಕೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ನ್ಯೂ ಮೆಕ್ಸಿಕೋದ ಉದಾಹರಣೆ ಇದೆ. ಅಲ್ಲಿ ಪರವಾನಗಿ ಇಲ್ಲದ ಸ್ಪಾ ಒಂದರಲ್ಲಿ ಮೈಕ್ರೋನೀಡ್ಲಿಂಗ್ ಫೇಶಿಯಲ್ ಮಾಡಿಸಿಕೊಂಡ ಮಹಿಳೆಯರಿಗೆ ಎಚ್‌ಐವಿ ತಗುಲಿದ್ದನ್ನು ಆ ದೇಶದ ರೋಗ ನಿಯಂತ್ರಣ ಕೇಂದ್ರ 2024ರಲ್ಲಿ ವರದಿ ಮಾಡಿತು. ನಮ್ಮಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಸ್ಪಷ್ಟವಾಗಿ ಹೇಳಿದೆ: ಕಾರ್ಯಾಗಾರದಲ್ಲಿ ಕೂತು ನೋಡಿದ್ದು, ಯೂಟ್ಯೂಬಿನಲ್ಲಿ ಕಲಿತದ್ದು ಇಂಥ ಕೆಲಸಕ್ಕೆ ಸಾಕಾಗುವ ತರಬೇತಿಯಲ್ಲ. ಅದೇ ವರ್ಷದ ಮೇ ತಿಂಗಳಲ್ಲಿ ಕಿರುತೆರೆ ನಟಿ ಚೇತನಾ ರಾಜ್ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ನಂತರ ತೀರಿಕೊಂಡರು. ಅವರಿಗೆ 21 ವರ್ಷ. ಅದು ಬೇರೆ ಚಿಕಿತ್ಸೆ ನಿಜ, ಆದರೆ ಚಂದ ಕಾಣುವ ಆಸೆಯಿಂದ ಹೋದ ಎಳೆಯರನ್ನು ಕಾಯಬೇಕಾದ ವ್ಯವಸ್ಥೆ ಎಷ್ಟು ಸಡಿಲ ಎಂಬ ಪ್ರಶ್ನೆ ಆಗ ರಾಜ್ಯದಲ್ಲೆಲ್ಲ ಎದ್ದಿತ್ತು. ಖಾಸಗಿ ಆಸ್ಪತ್ರೆಗಳು ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಯಡಿ ಪಡೆದ ನೋಂದಣಿ ಪತ್ರವನ್ನು ಎದುರಿಗೇ ತೂಗುಹಾಕಬೇಕು. ಅದು ಕಾಣದ ಜಾಗದಲ್ಲಿ ಮುಖ ಕೊಟ್ಟು ಕೂರಬಾರದು.

ಉತ್ತರ ಕನ್ನಡಕ್ಕೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು 2022ರಲ್ಲಿ ಜಿಲ್ಲೆಯ ಜನ ದೊಡ್ಡ ದನಿಯಲ್ಲಿ ಕೇಳಿದರು. ಅಪಘಾತವಾದವರನ್ನು, ಹೃದಯಾಘಾತವಾದವರನ್ನು ಹೊತ್ತು ಪಕ್ಕದ ಜಿಲ್ಲೆಗೋ ಹೊರರಾಜ್ಯಕ್ಕೋ ಓಡುವ ಜನರ ನಡುವೆ ಮೊಡವೆ ಕುಳಿಯ ಮಾತೆತ್ತುವುದು ಸಲ್ಲದು ಎನ್ನುವವರಿರಬಹುದು. ಆ ಆಸ್ಪತ್ರೆ ಆಗಲೇಬೇಕು. ಕುಳಿಯ ಚಿಕಿತ್ಸೆಗೆ ಅದರ ಹಣದಲ್ಲಿ ಒಂದು ರೂಪಾಯಿಯೂ ಬೇಡ. 1957ರಲ್ಲಿ ಶುರುವಾದ ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ ಚರ್ಮರೋಗ ವಿಭಾಗವಿದೆ, ಕಲಿಯುವ ಸ್ನಾತಕೋತ್ತರ ವಿದ್ಯಾರ್ಥಿಗಳಿದ್ದಾರೆ. ಕಾರವಾರದಲ್ಲೂ 2016ರಿಂದ ವೈದ್ಯಕೀಯ ಕಾಲೇಜಿದೆ. ಸಬ್‌ಸಿಷನ್ ಮತ್ತು ಆಮ್ಲದ ಚಿಕಿತ್ಸೆ ಕಲಿಯಲು ಕೈಗೆ ಅಭ್ಯಾಸ ಬೇಕು, ಅಭ್ಯಾಸಕ್ಕೆ ರೋಗಿಗಳು ಬೇಕು. ಹಿರಿಯ ಡಾಕ್ಟರು ಪಕ್ಕದಲ್ಲಿ ನಿಂತಿರುವಾಗ ತಿಂಗಳಿಗೆ ಒಂದು ದಿನ ಕುಳಿ ಚಿಕಿತ್ಸೆಗೆಂದೇ ಮೀಸಲಿಟ್ಟರೆ ಎರಡೂ ಕೂಡಿಬರುತ್ತವೆ. ಚಿಕಿತ್ಸೆ ತಿಂಗಳಿಗೊಮ್ಮೆ, ಹಲವು ಸಲ ಆಗಬೇಕಾದದ್ದರಿಂದ ಈ ಲೆಕ್ಕ ಸರಿಹೊಂದುತ್ತದೆ. ಹೆಣ್ಣುಮಕ್ಕಳಿಗೆ ಬಸ್ಸು ಹೇಗೂ ಉಚಿತ.

ಅದಕ್ಕೆ ಮೊದಲ ಹೆಜ್ಜೆ ತಾಲ್ಲೂಕು ಆಸ್ಪತ್ರೆಯಲ್ಲೇ ಆಗಬೇಕು. ಮುಂಡಗೋಡ, ಹಳಿಯಾಳ, ದಾಂಡೇಲಿ, ಜೋಯಿಡಾದ ಸರ್ಕಾರಿ ಔಷಧಾಲಯಗಳಲ್ಲಿ ಅಡಾಪಲೀನ್ ಮತ್ತು ಬೆಂಜಾಯ್ಲ್ ಪೆರಾಕ್ಸೈಡ್ ಜೆಲ್ ಸದಾ ಇರಬೇಕು. ಹೈಸ್ಕೂಲು, ಪಿಯು ಕಾಲೇಜುಗಳಿಗೆ ಆರೋಗ್ಯ ತಪಾಸಣೆಗೆ ಹೋಗುವ ತಂಡ ಹಲ್ಲು, ಕಣ್ಣಿನ ಜೊತೆಗೆ ಮಕ್ಕಳ ಮುಖವನ್ನೂ ನೋಡಿ, ಗಂಟು ಮೊಡವೆ ಇದ್ದವರನ್ನು ಆಗಲೇ ಚರ್ಮವೈದ್ಯರಿಗೆ ಕಳಿಸಬೇಕು. ಹದಿನೈದನೇ ವಯಸ್ಸಿನಲ್ಲಿ ಹೀಗೆ ಕಳಿಸಿದ ಮಗುವಿಗೆ ಇಪ್ಪತ್ತೈದರಲ್ಲಿ ಸೂಜಿಯೂ ಬೇಕಾಗಲಿಕ್ಕಿಲ್ಲ, ಲೇಸರೂ ಬೇಕಾಗಲಿಕ್ಕಿಲ್ಲ. ಜಿಲ್ಲಾ ಆರೋಗ್ಯಾಧಿಕಾರಿಗಳು ಮುಂದಿನ ವರ್ಷದ ಔಷಧ ಬೇಡಿಕೆ ಪಟ್ಟಿ ಕಳಿಸುವಾಗ ಈ ಎರಡು ಹೆಸರು ಸೇರಿಸಲಿ.